ತಾತನ ಕಂಬಕ್ಕೆ ಸೀರೆ ಉಡಿಸಿದ್ದು

"ಇವತ್ತು ಸಂಜೆಯೊಳಗೆ ಈ ಕಂಬದಲಿ ಒಂದೇ ಒಂದು ವಂಡು ಕಂಡ್ರೂ ನನ್ನ ಹೆಸರು ಚೆನ್ನಕೇಶವನ್ ಅಲ್ಲ!"

ನೆಗಮದ ನೇಕಾರ ಚೆನ್ನಕೇಶವನ್ ಹೀಗೆ ತೊಡೆ ತಟ್ಟಿ ಸಾರಿದ್ದು ಆಡಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯಂದು, ಅದೂ ಶುಕ್ರವಾರ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಮಗ್ಗಕ್ಕೆ ರಜೆ ಸಿಕ್ಕರೆ ಅವನ ತಲೆ ಕೆಲಸ ಶುರು ಮಾಡುತ್ತದೆ, ಅದೇ ಮನೆಯವರ ಕಷ್ಟ!

ಶತ್ರು ಯಾರೆಂದರೆ ಮರ ಕೊರೆಯುವ ಕರಿ ದುಂಬಿ, ತಮಿಳು ಬೆರೆತ ಅವರ ಮಾತಿನಲ್ಲಿ ವಂಡು. ಜಗಲಿಯ ಮಾಡು ಹೊತ್ತು ನಿಂತ ಎರಡು ತೇಗದ ಕಂಬಗಳು ತಾತನ ಕಾಲದವು. ಹುಟ್ಟಿದಾಗಿನಿಂದ ಬಣ್ಣ ಕಾಣದ ಮರ. ದುಂಬಿಗಳಿಗೆ ಅದೇ ಬೇಕಿತ್ತು. ಬೈರಿಗೆ ಹಿಡಿದು ಕೊರೆದಂತೆ ಗುಂಡಗೆ ತೂತು ಮಾಡಿ ಸಂಸಾರ ಹೂಡಿದ್ದವು. ಬೆಳಗಾದರೆ ಜಗಲಿಯ ತುಂಬ ಮರದ ಪುಡಿ.

"ತೂತು ಮುಚ್ಚಿ ಎರಡು ಕೋಟು ಪೈಂಟ್ ಅಡಿಸಿದ್ರೆ ವಂಡು ಆ ಪಕ್ಕ ತಿರುಗಿ ನೋಡಲ್ಲ ಅಂತ ನಮ್ಮಣ್ಣ ಹೇಳಿದಾನಲ್ಲ?" ಎಂದಳು ಹೆಂಡತಿ ಗೋಕಿಲಾ.

"ನಿಮ್ಮಣ್ಣ ಪೊಳ್ಳಾಚಿಯಲಿ ಪೈಂಟ್ ಅಂಗಡಿ ಇಟ್ಟಿದಾನೆ. ತಲೆನೋವು ಅಂದ್ರೂ ಎರಡು ಕೋಟು ಅಡಿ ಅಂತಾನೆ!"

"ಸರಿ. ಸಂಜೆ ಅವನನ್ನ ಕರಕೊಂಡು ಬರ್ತೀನಿ. ಒಂದು ವಂಡು ಇದ್ರೂ ಪೈಂಟ್ ಅಡಿಸೋದೇ. ಅಂಗಡಿಯಲಿ ಗಿಳಿ ಪಚ್ಚೆ ಡಬ್ಬ ಒಂದು ಮಿಕ್ಕಿದೆ."

ಗಿಳಿ ಹಸಿರು! ತಾತನ ತೇಗಕ್ಕೆ! ಚೆನ್ನಕೇಶವನ್‌ಗೆ ಮೈಯೆಲ್ಲ ಉರಿದುಹೋಯಿತು. ತಾತನ ಮಾನ ಉಳಿಸಬೇಕು, ಹೆಂಡತಿಯ ಅಣ್ಣನ ಮುಂದೆ ತನ್ನ ಮಾನವನ್ನೂ ಉಳಿಸಿಕೊಳ್ಳಬೇಕು. ಗೋಕಿಲಾ ಬಸ್ಸು ಹತ್ತಿದ ಕೂಡಲೇ ಯುದ್ಧ ಶುರು.

ಮೊದಲು ಬಲಗಂಬ. ಕೂದಲೆಳೆಯಂಥ ನೂಲೇ ಗಂಜಿ ಕುಡಿದರೆ ಮಗ್ಗದ ಪೆಟ್ಟು ತಡೆಯುತ್ತದೆ, ಇನ್ನು ಮರ ಎಷ್ಟು ತಡೆಯಬೇಡ! ಮಗ್ಗದ ಹಾಸು ನೂಲಿಗೆ ಹಾಕುವ ಗಂಜಿಯನ್ನೇ ಕಾಯಿಸಿದ. ಹುಳುಹುಪ್ಪಟೆಗೆ ಆಗದೆಂದು ಅರ್ಧ ಡಬ್ಬಿ ಅರಿಶಿನ ಸುರಿದ. ತುಂಡು ನೂಲನ್ನು ಅದರಲ್ಲಿ ಅದ್ದಿ ತೂತುಗಳಿಗೆ ತುರುಕಿ, ಉಳಿದ ಗಂಜಿಯನ್ನು ಕಂಬಕ್ಕೆಲ್ಲ ಬಳಿದ. ಕಂಬ ಮದುವಣಗಿತ್ತಿಯ ಹಾಗೆ ಹಳದಿಯಾಗಿ ನಿಂತಿತು.

ಐದೇ ನಿಮಿಷ! ಪಕ್ಕದ ಮನೆಯ ಲಿಂಗಸಾಮಿಯ ಮೇಕೆ ಬಂದು ಗಂಜಿ ನೆಕ್ಕತೊಡಗಿತು.

"ಲೇ ಲಿಂಗಸಾಮಿ, ನಿನ್ನ ಆಡನ್ನ ಹಿಡಿಯೋ!"

"ನೀನು ಕಂಬಕ್ಕೆ ಊಟ ಬಡಿಸಿದ್ರೆ ಅದೇನು ಮಾಡುತ್ತೆ ಪಾಪ?" ಎಂದ ಲಿಂಗಸಾಮಿ.

ಮೇಕೆಯಿಂದ ಗಂಜಿಯನ್ನು ಕಾಪಾಡಬೇಕಲ್ಲ? ನೇಯುವಾಗ ಬುಟ್ಟಾ ತಪ್ಪಿ ಹೋಗಿ ಮೂಲೆ ಸೇರಿದ್ದ ಕೆಂಪು ಸೀರೆಯೊಂದನ್ನು ತಂದು ಕಂಬಕ್ಕೆ ಸುತ್ತಿದ. ಜಾರದಿರಲೆಂದು ಮಧ್ಯೆ ಬಿಗಿದು ಕಟ್ಟಿದ. ಅಷ್ಟರಲ್ಲಿ ದುಂಬಿಯೊಂದು ಸೀರೆಯ ಮೇಲುಗಡೆ, ಕಂಬದ ತುದಿಗೇ ಕೊರೆಯಲು ಕೂತಿತು. "ಅಲ್ಲಿಗೂ ಬಂದೆಯಾ?" ಎಂದು ಆ ಜಾಗಕ್ಕೆ ಬೇವಿನ ಸೊಪ್ಪಿನ ಗೊಂಚಲು ಕಟ್ಟಿದ. ಸದ್ದು ನಿಂತಿತು. ಗೆದ್ದೆ! ಎಡಗಂಬವನ್ನು ಊಟದ ಮೇಲೆ ನೋಡಿದರಾಯಿತೆಂದು ಉಂಡು, ಮೀಸೆ ತಿರುವಿ ಮಲಗಿದ.

ಎಚ್ಚರವಾದದ್ದು ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಕುಲವೆ ಕೂಗಿಗೆ. ಬಾಗಿಲು ತೆಗೆದರೆ ಬೀದಿಯುದ್ದ ಸಾಲು! ಅರಿಶಿನದ ಮೈ, ಕೆಂಪು ಸೀರೆ, ನೆತ್ತಿಯ ಮೇಲೆ ಬೇವು. ದೇವಿ ಪೂಜೆಯ ಆಡಿ ಶುಕ್ರವಾರದ ದಿನ ಅಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು? ಕಂಬದ ಹಣೆಗೆ ಆಗಲೇ ಕುಂಕುಮ ಬಿದ್ದಿತ್ತು. ಕೊರಳಿಗೆ ನಿಂಬೆಹಣ್ಣಿನ ಹಾರ. ಎದುರುಮನೆಯ ಮುದುಕಿ ಜಾನಕಿಯಮ್ಮ ಕರ್ಪೂರ ಹಚ್ಚುತ್ತಿದ್ದಳು.

"ಯಾನೋ ಚೆನ್ನಕೇಶವಾ, ಸಾಮಿಗೆ ಸೀರೆ ಉಡಿಸಿ ಬೀದಿಗೆ ಒಂದು ಮಾತು ಹೇಳಬೇಡವಾ?"

"ಅಯ್ಯೋ ಅತ್ತೆ, ಇದು ಸಾಮಿ ಅಲ್ಲ, ಕಂಬ! ವಂಡು ಬರಬಾರದೂಂತ..."

ಕರ್ಪೂರದ ಹೊಗೆ ಮೇಲೇರಿತು. ಬೇವಿನ ಒಳಗಿಂದ ದುಂಬಿ ಝುಂಯ್ ಎಂದು ಹೊರಬಂದು ಜಾನಕಿಯಮ್ಮನ ತಲೆಗೆ ಮೂರು ಸುತ್ತು ಬಂತು.

"ನೋಡಿದಿರಾ! ನಮ್ಮಮ್ಮ ಆತ್ತಾ ವಂಡಿನ ರೂಪದಲಿ ಬಂದಿದಾಳೆ!" ಎಂದು ಮುದುಕಿ ಕೈ ಮುಗಿದಳು. ಸಾಲೆಲ್ಲ ಕೈ ಮುಗಿಯಿತು. ಮೇಕೆಯ ಹಗ್ಗ ಹಿಡಿದಿದ್ದ ಲಿಂಗಸಾಮಿಯೂ ಮುಗಿದ!

ಚೆನ್ನಕೇಶವನ್ ಬಾಯಿ ಮುಚ್ಚಿಕೊಂಡ. ಹೆದರಿ ಅಲ್ಲ, ಲೆಕ್ಕ ಹಾಕಿ! ಸಾಮಿಯ ಮೈಗೆ ಗಿಳಿ ಹಸಿರು ಬಳಿಯುವ ಧೈರ್ಯ ಯಾವ ಅಂಗಡಿಯವನಿಗಿದೆ?

ಲೆಕ್ಕ ಸರಿಯಾಗಿಯೇ ಇತ್ತು. ಗೋಕಿಲಾಳೊಡನೆ ಬಂದ ಅವಳಣ್ಣ ರಾಜೇಂದ್ರನ್ ಬಣ್ಣದ ಡಬ್ಬ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡ.

"ಮಾಪ್ಳೆ, ಇದನ್ನ ನಾನು ಮುಟ್ಟಲ್ಲ" ಎಂದ ತಂಗಿಯ ಗಂಡನಿಗೆ.

"ಹಾಗೆ ಬಾ ದಾರಿಗೆ!" ಎಂದು ಚೆನ್ನಕೇಶವನ್ ಎದೆ ಉಬ್ಬಿಸಿದ.

"ಆದ್ರೆ ಆ ಪಕ್ಕದ್ದು ಬರೀ ಕಂಬ ತಾನೇ?"

ತಡೆಯುವಷ್ಟರಲ್ಲಿ ಎಡಗಂಬದ ತೂತು ಮುಚ್ಚಿ, ಮೇಲಿಂದ ಕೆಳಗೆ ಗಿಳಿ ಹಸಿರು ಬಳಿದಾಗಿತ್ತು. ಅಲ್ಲಿದ್ದ ದುಂಬಿಗಳು ಹಸಿ ಬಣ್ಣದ ವಾಸನೆಗೆ ಎದ್ದು, ಒಂದರ ಹಿಂದೊಂದು ಮೆರವಣಿಗೆಯಾಗಿ ಬಂದು ಬಲಗಂಬದ ತುದಿ ಸೇರಿದವು. ಚೆನ್ನಕೇಶವನ್ ಹೆಗಲ ಮೇಲಿನ ಟವಲು ಬೀಸಿದ.

"ಆತ್ತಾಳ ಮೇಲೆ ಕೈ ಎತ್ತುತೀಯಾ?" ಜಾನಕಿಯಮ್ಮ ಗುಡುಗಿದಳು. "ಒಂದು ವಂಡಿಗೆ ಏನಾದ್ರೂ ನೀನೇ ಹೊಣೆ. ನಾಳೆಯಿಂದ ದಿನಾ ದೀಪ ಹಚ್ಚಿ ಕಾವಲಿರು!"

ಕಣ್ಣೆದುರೇ ದುಂಬಿಗಳು ತಾತನ ಕಂಬ ಕೊರೆಯುತ್ತಿವೆ, ಅವನು ಕೈ ಕಟ್ಟಿ ನಿಂತಿದ್ದಾನೆ! ಮೇಲಿಂದ ಮರದ ಪುಡಿ ಜರಜರ ಉದುರಿತು. ಮುದುಕಿ ಅದನ್ನು ಭಕ್ತಿಯಿಂದ ಸೆರಗಿನಲ್ಲಿ ಹಿಡಿದು, ಒಂದು ಚಿಟಿಕೆ ತೆಗೆದು ವಿಭೂತಿಯ ಹಾಗೆ ಅವನ ಹಣೆಗೆ ಒತ್ತಿದಳು.

"ಆತ್ತಾ ಕೊಟ್ಟ ತಿರುನೀರು. ಉಳಿದದ್ದನ್ನ ಎಲ್ಲರಿಗೂ ಹಂಚು."

ಸಾಲಿನ ಕೊನೆಯಿಂದ ಯಾರೋ ಕೂಗಿದರು: "ಪೂಸಾರಿಯೋರೇ, ನನಗೂ ಒಂಚೂರು!"

ಗೋಕಿಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಡನ ಕಿವಿಯ ಹತ್ತಿರ ಬಾಗಿದಳು.

"ಹೋಗಿ, ನಿಮ್ಮನ್ನೇ ಕೂಗ್ತಿರೋದು. ಬೆಳಿಗ್ಗೆ ನೀವೇ ಹೇಳಿದ್ರಲ್ಲ, ವಂಡು ಕಂಡ್ರೆ ನಿಮ್ಮ ಹೆಸರು ಚೆನ್ನಕೇಶವನ್ ಅಲ್ಲ ಅಂತ!"