ಕೊಟ್ರಪ್ಪನವರಿಗೆ ಏನೂ ಬರುವುದಿಲ್ಲ

ಕುಷ್ಟಗಿಯ ಅರಳೆ ವ್ಯಾಪಾರಿ ಕೊಟ್ರಪ್ಪನವರು ಶುಕ್ರವಾರವೆಂಬ ಉರುಲನ್ನು ತಮ್ಮ ಕೊರಳಿಗೆ ತಾವೇ ಹಾಕಿಕೊಂಡಿದ್ದರು. ನಿಜಾಮರ ಸರ್ಕಾರದ ತಹಸೀಲ್ದಾರ ಸಾಹೇಬರು ಬಂದ ಹೊಸತರಲ್ಲಿ ಒಂದು ಉರ್ದು ಕವಿತೆ ಹೇಳಿದರು. ಕೊಟ್ರಪ್ಪನವರು ತಮಗೆ ಗೊತ್ತಿದ್ದ ಎರಡೇ ಎರಡು ಉರ್ದು ಮಾತುಗಳನ್ನು, "ಬಹುತ್ ಖೂಬ್" ಎಂಬುದನ್ನು, ಸರಿಯಾದ ಜಾಗದಲ್ಲಿ ಹಾಕಿಬಿಟ್ಟರು. (ಜಾಗ ಸರಿಯಾದದ್ದು ದೈವಯೋಗ.) ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಸಾಹೇಬರ ಪಡಸಾಲೆಯ ಕವಿಗೋಷ್ಠಿಯಲ್ಲಿ ಅವರಿಗೊಂದು ಲೋಡು ಖಾಯಂ. ಒಂದಕ್ಷರ ತಿಳಿಯದೆ, ಪಕ್ಕದವರು ತಲೆದೂಗಿದಾಗ ತಾವೂ ದೂಗುತ್ತ ಎರಡು ತಾಸು ಕೂಡಬೇಕು.

ಮಗಳನ್ನು ನೋಡಲು ಒಮ್ಮೆ ಗಂಡಿನವರು ಬಂದಾಗಲೂ ಇವರು ಅಲ್ಲೇ ತಲೆದೂಗುತ್ತಿದ್ದರು. ಯಜಮಾನರೇ ಇಲ್ಲದ ಮನೆಯೆಂದು ಅವರು ಎದ್ದುಹೋದರು. ಈಗ ಗಂಗಾವತಿಯ ಅಮರಪ್ಪನವರು ತಮ್ಮ ಮಗನಿಗಾಗಿ ಹೆಣ್ಣು ನೋಡಲು ಬರುವುದೂ ಶುಕ್ರವಾರವೇ, ಇನ್ನೆರಡು ವಾರಕ್ಕೆ.

"ಈ ಸಲ ನೀವು ಮನ್ಯಾಗ ಇರಬೇಕು," ಎಂದರು ಹೆಂಡತಿ ಪಾರ್ವತೆಮ್ಮ. "ನನಗ ಇದು ಸೇರೂದಿಲ್ಲ, ತಿಳಿಯೂದಿಲ್ಲ ಅಂತ ಸಾಹೇಬ್ರಿಗೆ ಹೇಳಿಬಿಡ್ರಿ."

"ಹಂಗ ಹೇಳಾಕ ಆಗ್ತೈತೇನು? ಅವರು ಹೈದರಾಬಾದಿನವರು. ಬ್ಯಾಡ ಅನ್ನೂದನ್ನೂ ಅದಬಿನಿಂದ ಅನ್ನಬೇಕು."

ಆ ಅದಬನ್ನು, ಅಂದರೆ ದರಬಾರಿ ಮರ್ಯಾದೆಯನ್ನು, ಕಲಿಸಲು ಕಚೇರಿಯ ಮುಂದೆ ಅರ್ಜಿ ಬರೆಯುವ ಮಕ್ಬುಲಸಾಬರು ಸಿಕ್ಕರು. "ಹುಜೂರ್, ಇಸ್ ನಾಚೀಜ್ ಕೋ ಶಾಯರೀ ಕಾ ನ ಶೌಕ್ ಹೈ, ನ ಸಲೀಕಾ." ಪ್ರಭುಗಳೇ, ಈ ತೃಣಕ್ಕೆ ಕಾವ್ಯದ ಮೇಲೆ ಪ್ರೀತಿಯೂ ಇಲ್ಲ, ಅದರ ಗಂಧವೂ ಇಲ್ಲ ಎಂದರ್ಥ. ಕೊಟ್ರಪ್ಪನವರು ಅದನ್ನು ಎಮ್ಮೆಗೆ ಹೇಳಿದರು, ಅರಳೆ ತುಂಬಿದ ಅಂಡಿಗೆಗಳಿಗೆ ಹೇಳಿದರು, ಕೊನೆಗೆ ಬೀಸುತ್ತ ಕೂತಿದ್ದ ಹೆಂಡತಿಗೂ ಹೇಳಿದರು.

"ಇಷ್ಟುದ್ದ ಯಾಕ್ರಿ? ಬ್ಯಾಡ ಅನ್ನಾಕ 'ನಕ್ಕೋ' ಅಂದ್ರ ಮುಗೀತಲ್ಲ," ಎಂದರು ಪಾರ್ವತೆಮ್ಮ.

"ಅದು ಬಾಜಾರದ ಉರ್ದು," ಎಂದು ನಮ್ಮ ಪಂಡಿತೋತ್ತಮರು ಗದರಿಸಿದರು.

ಅಮರಪ್ಪನವರು ಬರುವುದಕ್ಕೆ ಒಂದು ವಾರ ಮುಂಚಿನ ಶುಕ್ರವಾರ, ಗೋಷ್ಠಿಯ ನಡುವೆ ಕೊಟ್ರಪ್ಪನವರು ಎದ್ದುನಿಂತು, ಎದೆಯ ಮೇಲೆ ಕೈಯಿಟ್ಟು, ಒಂದೂ ತಪ್ಪಿಲ್ಲದೆ ಹೇಳಿ ಮುಗಿಸಿದರು. ಸಭೆ "ವಾಹ್ ವಾಹ್" ಎಂದಿತು. ಸಾಹೇಬರು ಕವಿತೆ ಓದುವವರ ಮುಂದಿಡುವ ದೀಪವನ್ನು ತರಿಸಿ ಇವರ ಮುಂದೆ ಇಡಿಸಿದರು. ಎಲ್ಲರೂ ಇವರ ಬಾಯನ್ನೇ ನೋಡುತ್ತ ಕೂತರು. ಗಾಬರಿಯಾಗಿ ಇವರು ಅದನ್ನೇ ಮತ್ತೊಮ್ಮೆ ಹೇಳಿದರು, ವಾಹ್ ವಾಹ್ ಇಮ್ಮಡಿಯಾಯಿತು. ಇಂಥ ವಿನಯವನ್ನು ಎಲ್ಲೂ ಕಂಡಿಲ್ಲ, ಬರುವ ಶುಕ್ರವಾರ ನಿಮ್ಮ ಕವಿತೆಗಳನ್ನೇ ಕೇಳೋಣ ಎಂದು ಸಾಹೇಬರ ಅಪ್ಪಣೆಯಾಯಿತು. (ಇದನ್ನು ಪಕ್ಕದವರು ಕನ್ನಡದಲ್ಲಿ ತಿಳಿಸಿದರು.)

ಮಕ್ಬುಲಸಾಬರು ಹಣೆ ಚಚ್ಚಿಕೊಂಡರು. "ಗೋಷ್ಠಿ ನಡುವ ಯಾಕ ಹೇಳಿದ್ರಿ ಸಾವ್ಕಾರ್ರ? ಅಲ್ಲಿ ಎಲ್ಲಾ ಶಾಯರರೂ ಓದೂ ಮೊದಲ ನನಗೇನೂ ಬರೂದಿಲ್ಲ ಅಂತನ ಶುರು ಮಾಡ್ತಾರ್ರಿ."

ಕೊಟ್ರಪ್ಪನವರು ಹಾಸಿಗೆ ಹಿಡಿದರು. ಪಾರ್ವತೆಮ್ಮ ಮರುದಿನವೇ ಮಕ್ಬುಲಸಾಬರ ಹೆಂಡತಿ ಫಾತಿಮಾಬೀಯನ್ನು ಜೊತೆಗೆ ಕರೆದುಕೊಂಡು ಸಾಹೇಬರ ಹಿತ್ತಲ ಬಾಗಿಲಿಗೆ ಹೋದರು. ಬೇಗಮರಿಗೆ ಬಾಜಾರದ ಉರ್ದುವಿನಲ್ಲೇ, "ನಕ್ಕೋ ಅಮ್ಮಾ, ಉನಕು ಕುಚ್ ನೈ ಆತಾ," ಬೇಡ ತಾಯಿ, ಅವರಿಗೇನೂ ಬರುವುದಿಲ್ಲ ಎಂದು ಹೇಳಿ ಬಂದರು. ಸಂಜೆಯೊಳಗೆ ಬಿಡುಗಡೆಯ ಸುದ್ದಿ ಬಂತು.

"ಸಾಹೇಬ್ರು ಏನಂದ್ರಂತ?" ಕೊಟ್ರಪ್ಪನವರು ಕೇಳಿದರು.

"ಹೌದೇನು ಅಂದ್ರಂತ."

"ಅಷ್ಟನ? ಸ್ವಲ್ಪನೂ ಸಂಶಯ ಪಡಲಿಲ್ಲೇನು?"

"ಇಲ್ಲರಿ."

ಬೇಡಿದ್ದೇನೋ ಸಿಕ್ಕಿತ್ತು. ಆದರೆ ಇಷ್ಟು ಸಲೀಸಾಗಿ ಸಿಗಬಾರದಿತ್ತು. ತಾವು ಎದೆ ಮುಟ್ಟಿಕೊಂಡು ಎರಡೆರಡು ಸಲ ಹೇಳಿದರೂ ನಂಬದವರು ಹೆಂಡತಿ ಒಂದೇ ಸಲ ಅಂದದ್ದಕ್ಕೆ ನಂಬಿದರೆಂದು ಕೊಟ್ರಪ್ಪನವರಿಗೆ ನಾಲ್ಕು ದಿನ ರೊಟ್ಟಿ ಸೇರಲಿಲ್ಲ.

ಶುಕ್ರವಾರ ಅಮರಪ್ಪನವರು ಬಂದರು, ಹುಡುಗಿಯನ್ನು ಒಪ್ಪಿದರು. ಮಾತಿಗೆ ಮಾತು ಬಂದು, "ಬೀಗರಿಗೆ ಉರ್ದು ಬರ್ತೈತೇನ್ರಿ?" ಎಂದು ಕೇಳಿದರು. ಕೊಟ್ರಪ್ಪನವರ ಗಾಯಕ್ಕೆ ಮದ್ದು ಸಿಕ್ಕಂತಾಯಿತು. ರುಮಾಲು ಸರಿಮಾಡಿಕೊಂಡು, ಎದೆಯ ಮೇಲೆ ಕೈಯಿಟ್ಟು, ಆ ಒಂದೇ ವಾಕ್ಯವನ್ನು ಗಂಭೀರವಾಗಿ ಹೇಳಿದರು. ಅಮರಪ್ಪನವರು ಕಣ್ಣರಳಿಸಿದರು.

"ಭಾಳ ಛಲೋ ಐತ್ರಿ. ಹಂಗಂದ್ರೇನು?"

ಅಷ್ಟರಲ್ಲಿ ಪಾರ್ವತೆಮ್ಮ ಚಹಾ ತಂದಿಟ್ಟರು. "ತಮಗೇನೂ ಬರೂದಿಲ್ಲ ಅಂತ ಹೇಳಾಕತ್ಯಾರ್ರಿ."

"ಹೌದೇನ್ರಿ," ಎಂದು ಅಮರಪ್ಪನವರು ತಲೆದೂಗಿ, ಒಂದಿಷ್ಟೂ ಸಂಶಯಪಡದೆ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡರು.