ಫೋನಿಗಿಟ್ಟ ಗಂಧ

ಬಿಚ್ಚಲಾಗದ ವಸ್ತುವಿನ ಮೇಲೆ ಮನುಷ್ಯನಿಗೆ ಭಕ್ತಿ ತಾನಾಗಿಯೇ ಹುಟ್ಟುತ್ತದೆ. ಇದು ಎಲ್ಲೋ ಓದಿದ ಮಾತಲ್ಲ, ಸ್ವಂತ ಅನುಭವ. ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಮಗ್ಗದ ಶೆಡ್ಡಿನಲ್ಲಿ ನಾನು ಬಿಚ್ಚದೆ ಬಿಟ್ಟ ಯಂತ್ರವಿಲ್ಲ. ಮಗ್ಗಗಳು ಅಪ್ಪನ ಕಾಲದವು. ಅವುಗಳ ಚಕ್ರ ಬದಲಾಗಿದೆ, ಲಾಳಿ ಹೊಡೆಯುವ ಕೋಲು ಬದಲಾಗಿದೆ, ಮೋಟಾರು ಬದಲಾಗಿದೆ. ಮೂಲದ್ದು ಅಂತ ಉಳಿದಿರುವುದು ಬಹುಶಃ ಸದ್ದು ಮಾತ್ರ. ಮನೆಯ ಫ್ಯಾನು, ಮಿಕ್ಸಿ, ಬಾವಿಯ ಪಂಪು ಎಲ್ಲವೂ ನನ್ನ ಕೈಯಲ್ಲಿ ಒಂದಲ್ಲ ಒಂದು ಸಲ ಬಿಡಿಬಿಡಿಯಾಗಿ ಬಿದ್ದಿವೆ. ಮತ್ತೆ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಅಂಗೈಯಲ್ಲೇ ಉಳಿಯುವುದುಂಟು. ಅವನ್ನು ಕಂಪನಿಯವರು ದಂಡಕ್ಕೆ ಹಾಕಿರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಇಂಥ ನಾನು ಹೊಸ ಫೋನು ಕೊಂಡ ದಿನ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಉಗುರು ತೂರಿಸಲು ಒಂದು ಸಂದಿಯಿಲ್ಲ. ಬುಡದಲ್ಲಿದ್ದ ಎರಡು ಪುಟ್ಟ ಸ್ಕ್ರೂಗಳ ತಲೆಗೆ ಹೊಂದುವ ಸ್ಕ್ರೂಡ್ರೈವರ್ ನನ್ನ ಡಬ್ಬಿಯಲ್ಲಿರಲಿಲ್ಲ. ‘ಭಾರಿ ಆಸಾಮಿ ಇದು’ ಅಂದುಕೊಂಡು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ.

ನಮ್ಮ ಶೆಡ್ಡಿನಲ್ಲೂ ಒಂದು ಕಟ್ಟಳೆ ಇದೆ, ಹೇಳಿಬಿಡುತ್ತೇನೆ. ಮಗ್ಗ ಯಾರು ಬೇಕಾದರೂ ಓಡಿಸಬಹುದು, ಆದರೆ ಅದಕ್ಕೆ ಸ್ಪ್ಯಾನರ್ ಹಾಕುವ ಕೈ ನನ್ನದು ಮಾತ್ರ. ಹೆಂಡತಿ ಪುಷ್ಪಾ ನನಗಿಂತ ಹೆಚ್ಚು ಹೊತ್ತು ಮಗ್ಗದ ಮುಂದೆ ನಿಲ್ಲುತ್ತಾಳೆ. ಸದ್ದು ಕೇಳಿಯೇ ಎಲ್ಲಿ ಏನು ಸಡಿಲವಾಗಿದೆ ಅಂತ ಹೇಳುತ್ತಾಳೆ. ಆದರೂ ನಾನು ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬರುವ ತನಕ ಮಗ್ಗ ನಿಂತಿರಬೇಕು. ಅವಳು ಕೊಳ್ಳೇಗಾಲದ ಕಡೆಯವಳು. ನನಗೆ ಕನ್ನಡ ಅಕ್ಷರ ಕಲಿಸಿದವಳೂ ಅವಳೇ. ನಮ್ಮ ಕಡೆ ಕನ್ನಡ ಇರುವುದು ನಾಲಿಗೆಯ ಮೇಲೆ, ಅಕ್ಷರ ಎಲ್ಲ ತಮಿಳಿನದು. ಕಲಿಸುವಾಗ ನನ್ನ ಒತ್ತಕ್ಷರಗಳನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದಳೋ ಲೆಕ್ಕವಿಲ್ಲ. ನಾನೇನೂ ತಕರಾರು ಮಾಡಲಿಲ್ಲ. ಮಗ್ಗದ ವಿಷಯ ಬೇರೆ.

ಆಯುಧ ಪೂಜೆ ಬಂತು. ಶೆಡ್ಡು ತೊಳೆದು, ಪ್ರತಿ ಮಗ್ಗಕ್ಕೂ ಗಂಧ ಕುಂಕುಮವಿಟ್ಟು, ಬಾಳೆಕಂದು ಕಟ್ಟಿದೆವು. ಚೌಡೇಶ್ವರಿ ಅಮ್ಮನ ಪಟದ ಮುಂದೆ ಸ್ಪ್ಯಾನರು, ಕತ್ತರಿ, ಲಾಳಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಪುಷ್ಪಾ ನನ್ನ ಜೇಬು ನೋಡಿ, “ದಿನಾ ಜಾಸ್ತಿ ಹೊತ್ತು ಕೈಯಲ್ಲಿ ಹಿಡಿಯೋದು ಅದನ್ನೇ ಅಲ್ವಾ? ಅದಕ್ಕಿಲ್ವಾ ಪೂಜೆ?” ಅಂದಳು. ಅವಳು ಚುಚ್ಚಿದ್ದು. ನಾನು ಅದನ್ನು ಸಲಹೆ ಅಂತ ತೆಗೆದುಕೊಂಡೆ. ಗಾಜಿನ ಮೇಲೆ ಇಟ್ಟರೆ ಗೀರು ಬಿದ್ದೀತೆಂದು, ಬಹಳ ಯೋಚಿಸಿ, ಬುಡದ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದ ಜಾಗದಲ್ಲಿ ದಪ್ಪಗೆ ಒಂದು ಬೊಟ್ಟು ಗಂಧ ಮೆತ್ತಿದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದಲ್ಲ, ಫೋನೂ ಸುಮ್ಮನೆ ಮಲಗಿತು. ಗಂಧ ಚೆನ್ನಾಗಿ ಒಣಗಿತು. ನಾವು ಪೊರಿ ಕಡಲೆ ತಿಂದು, ಬೂದಗುಂಬಳ ಒಡೆದು, ಸಂತೋಷವಾಗಿದ್ದೆವು.

ಮಾರನೇ ದಿನ ಮಗ್ಗ ಓಡುತ್ತಿದ್ದಾಗ ಕಾಂಗೇಯಂನಿಂದ ಅಕ್ಕ ಫೋನು ಮಾಡಿದಳು. ಅವಳ ಮಗಳು ಕವಿತಾಳಿಗೆ ಗಂಡು ಒಪ್ಪಿಗೆಯಾಗಿದೆ. ಕೊಬ್ಬರಿ ಎಣ್ಣೆ ಮಿಲ್ಲಿನವರ ಮನೆ, ಹುಡುಗನನ್ನು ಕವಿತಾಳೂ ಮೆಚ್ಚಿದ್ದಾಳೆ. ನಮ್ಮಲ್ಲಿ ಸೋದರಮಾವ ಬಾಯಿಬಿಟ್ಟು ‘ಆಗಲಿ’ ಅನ್ನದೆ ಎಲೆ ಅಡಿಕೆ ಬದಲಾಯಿಸುವ ಹಾಗಿಲ್ಲ. “ನೀ ಒಂದು ಮಾತು ಹೇಳ್ಬಿಡು ತಂಬಿ” ಅಂದಳು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಶೆಡ್ಡಿನ ಸದ್ದಿನಲ್ಲಿ ನಾವು ಮಾತಾಡುವುದೇ ಕೂಗಿ. “ಆಗ್ಲಿ ಅಕ್ಕ, ನಾಳೇನೇ ಮಾಡು, ಬಟ್ಟೆ ನಂದು” ಅಂತ ಬೀದಿಗೆ ಕೇಳುವ ಹಾಗೆ ಕೂಗಿ, ಆ ಕಡೆಯಿಂದ ಬಂದ “ಹಲೋ? ತಂಬಿ?” ಎಂಬುದನ್ನು ಆನಂದಬಾಷ್ಪ ಎಂದು ತಿಳಿದು, ಇಟ್ಟುಬಿಟ್ಟೆ.

ಬಾವ ಪುಷ್ಪಾಳ ಫೋನಿಗೆ ಕರೆ ಮಾಡಿ, “ಏನಮ್ಮಾ, ನಿಮ್ಮನೆಯವ್ರಿಗೆ ಈ ಸಂಬಂಧ ಬೇಡ್ವಾಮಾ? ನಿಮ್ಮತ್ತಿಗೆ ಅಳ್ತಾ ಕೂತವ್ಳೆ” ಅಂದಾಗಲೇ ವಿಷಯ ಹೊರಬಿದ್ದಿದ್ದು. ನನ್ನ ಮಾತು ಒಂದಕ್ಷರವೂ ಆ ಕಡೆ ತಲುಪಿರಲಿಲ್ಲ. ಅಷ್ಟೇ ಆಗಿದ್ದರೆ ಅಕ್ಕ ಫೋನು ಕೆಟ್ಟಿದೆ ಅಂದುಕೊಳ್ಳುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ನಮ್ಮ ಮನೆಯ ಮಾತನ್ನು ಮಗ್ಗದ ಸದ್ದಿನ ಜೊತೆಗೇ ಕೇಳಿದವಳು ಅವಳು. ಸದ್ದೂ ಇಲ್ಲ, ಮಾತೂ ಇಲ್ಲ ಅಂದಮೇಲೆ ತಮ್ಮ ಸಿಟ್ಟಾಗಿ ಮಗ್ಗಗಳನ್ನೆಲ್ಲ ನಿಲ್ಲಿಸಿ ಮುಖ ಗಂಟು ಹಾಕಿಕೊಂಡು ಕೂತಿದ್ದಾನೆ ಅಂತ ತೀರ್ಮಾನಿಸಿದ್ದಳು. ನಾನು ಪುಷ್ಪಾಳ ಫೋನು ಕಸಿದುಕೊಂಡು, “ಅಕ್ಕ, ನಂಗೆ ಪೂರ್ತಿ ಸಮ್ಮತ” ಅಂದೆ. ಅವಳು ಒಪ್ಪಲಿಲ್ಲ. “ನಿನ್ ಫೋನ್ನಲ್ಲಿ ಮಾತಿಲ್ಲ, ಪೆಂಡಾಟಿ ಫೋನ್ನಲ್ಲಿ ಮಾತು ಬರ್ತದಾ? ಅವ್ಳು ಹೇಳ್ಕೊಟ್ಟದ್ದ ಹೇಳ್ಬೇಡ ತಂಬಿ” ಅಂದಳು. ಬೇರೆಯವರ ಫೋನಿನಿಂದ ಬಂದ ಒಪ್ಪಿಗೆಗೆ ಅಕ್ಕನಲ್ಲಿ ಬೆಲೆಯಿರಲಿಲ್ಲ.

ಬಸ್ ನಿಲ್ದಾಣದ ಪಕ್ಕದ ಸೆಲ್ವರಾಜ್ ಊರಿನ ಎಲ್ಲ ಫೋನುಗಳ ವೈದ್ಯ. ನೋಡಿದ ಕೂಡಲೇ, “ಅಣ್ಣಾ, ಮೈಕ್ ತೂತಲ್ಲಿ ಏನೋ ಕೂತಿದೆ. ಕೊಡಿ, ತೆಗೀತೀನಿ” ಅಂತ ತಮಿಳಿನಲ್ಲಿ ಹೇಳಿ ಕೈ ಚಾಚಿದ. ನಾನು ಫೋನನ್ನು ಎದೆಗೆ ಅವುಚಿಕೊಂಡೆ. ಹೊರಗಿನವರು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. “ಬಿಚ್ಚೋದಿಲ್ಲ ಅಣ್ಣಾ, ಬರೀ ಕೆರೆಯೋದು” ಅಂದ. ಮುಟ್ಟಿದರೂ ಅದಕ್ಕೆ ಗೊತ್ತಾಗಿಬಿಟ್ಟರೆ ಅಂತ ನನಗೆ ಭಯ. ಬೇರೆ ಬಿಡಿಭಾಗ ಹಾಕಿದರೆ ‘ಇದು ನಮ್ಮದಲ್ಲ’ ಅಂತ ಫೋನೇ ಬರೆದು ತೋರಿಸುತ್ತದೆ ಅಂತಲೂ ಅವನೇ ಹಿಂದೊಮ್ಮೆ ಹೇಳಿದ್ದ. ನನ್ನ ಮಗ್ಗ ಹಾಗೆ ಮಾತಾಡಲು ಶುರು ಮಾಡಿದರೆ ಇಡೀ ದಿನ ಅದನ್ನೇ ಹೇಳುತ್ತಿರಬೇಕಾಗುತ್ತದೆ.

ಕೊಯಮತ್ತೂರಿಗೆ ಹೋದೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಟೋಕನ್ ಕೊಟ್ಟು, ಎ.ಸಿ.ಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟರು. ಸುತ್ತಲೂ ಜನ ಫೋನುಗಳನ್ನು ಮಡಿಲಲ್ಲಿಟ್ಟುಕೊಂಡು, ಮಗುವಿಗೆ ಜ್ವರ ಬಂದವರ ಹಾಗೆ ಪಿಸುಮಾತಾಡುತ್ತಿದ್ದರು. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ದೀಪ ಹಿಡಿದು ನೋಡಿ, “ಸಾರ್, ಇದು ಲಿಕ್ವಿಡ್ ಡ್ಯಾಮೇಜ್” ಅಂದಳು. “ಇಲ್ಲಮ್ಮಾ, ಗಂಧ” ಅಂದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ, “ಗಂಧ ಅಂತ ಆಪ್ಷನ್ ಇಲ್ಲ ಸಾರ್” ಅಂದಳು. ಸ್ವಲ್ಪ ಕೆರೆದು ತೆಗೆಯಬಹುದಲ್ಲ ಅಂದೆ. ಹಾಗೆ ಕೆರೆಯುವ ಪದ್ಧತಿ ಅವರಲ್ಲಿಲ್ಲವಂತೆ. ಒಳಗಿನದನ್ನು ಇಡಿಯಾಗಿ ಬದಲಾಯಿಸಬೇಕು, ಗ್ಯಾರಂಟಿಗೆ ಬರುವುದಿಲ್ಲ, ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇದನ್ನೇ ನಮ್ಮೂರ ಬಿಡಿಭಾಗದ ಅಂಗಡಿಯವನು ಹೇಳಿದ್ದರೆ ಅವನ ಮೂರು ತಲೆಮಾರನ್ನು ನೆನೆದು ಬರುತ್ತಿದ್ದೆ. ಇಲ್ಲಿ ನಾನು ಮಾಡಿದ್ದೇನು ಗೊತ್ತೇ? “ತುಂಬಾ ಥ್ಯಾಂಕ್ಸ್ ಅಮ್ಮಾ, ಯೋಚನೆ ಮಾಡಿ ಬರ್ತೀನಿ” ಅಂತ ಕೈ ಮುಗಿದೆ. ಯಾಕೆ ಅಂತ ಬಾಗಿಲಾಚೆ ಬಂದು ಬಿಸಿಲು ಹೊಡೆದ ಮೇಲೆ ಯೋಚಿಸಿದೆ. ತಣ್ಣಗಿನ ಗಾಳಿಯಲ್ಲಿ ‘ಸಾರ್’ ಅನ್ನಿಸಿಕೊಂಡರೆ ಜಗಳದ ಬಾಯಿ ಕಟ್ಟುತ್ತದೆ, ಅದು ಒಂದು. ಇನ್ನೊಂದು, ಗರ್ಭಗುಡಿಯೊಳಗೆ ಅರ್ಚಕರು ಮಾತ್ರ ಹೋಗಬೇಕು ಅಂದರೆ ನಾವು ಬೇಸರ ಪಡುವುದಿಲ್ಲ. ದೇವರು ದೊಡ್ಡದು ಅಂದುಕೊಳ್ಳುತ್ತೇವೆ. ಎಲ್ಲರೂ ಮುಟ್ಟಬಹುದಾದ ಫೋನಿಗೆ ಇಷ್ಟು ದುಡ್ಡು ಕೊಟ್ಟೆನೇ ಎಂಬ ಸಂಕಟ ನಮಗೇ ಬೇಡ.

ಇಷ್ಟು ಜ್ಞಾನೋದಯವಾದರೂ ಅಕ್ಕನ ಅಳು ನಿಂತಿರಲಿಲ್ಲ. ಕೊಯಮತ್ತೂರಿನದೇ ಸಿಂಗಾನಲ್ಲೂರು ನಿಲ್ದಾಣದಲ್ಲಿ ಬಸ್ ಹತ್ತಿ ನೇರ ಕಾಂಗೇಯಂಗೆ ಹೋದೆ. ಆ ಊರಿನ ಎಲ್ಲರಂತೆ ಕೊಬ್ಬರಿ ಒಣಗಲು ಹಾಕಿದ್ದ ಮನೆಯಂಗಳದಲ್ಲಿ ಅಕ್ಕ ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಕವಿತಾ ಬಾಗಿಲ ಹಿಂದೆ ನಿಂತಿದ್ದಳು, ಕಣ್ಣು ಕೆಂಪಗಾಗಿತ್ತು. ಹುಟ್ಟಿದಾಗಿನಿಂದ ನಾನು ಎತ್ತಿ ಆಡಿಸಿದ ಮಗು. ಅವಳ ತಲೆಯ ಮೇಲೆ ಕೈಯಿಟ್ಟು, “ಆಗ್ಲಿ ಕಣಮ್ಮಾ, ಚೆನ್ನಾಗಿರು. ನಂಗೆ ರೊಂಬ ಸಂತೋಷ” ಅಂದೆ. ಫೋನಿನ ಹಂಗಿಲ್ಲದೆ ಹೇಳಿದ ಆ ಮಾತು ಈ ಸಲ ನೇರವಾಗಿ ತಲುಪಿತು. ಅಕ್ಕ ಅತ್ತಳು, ಬೈದಳು, ನಕ್ಕಳು, ಆಮೇಲೆ ಕಾಪಿ ಕೊಟ್ಟಳು.

ಕಾಪಿ ಕುಡಿಯುವಾಗ ಗಂಧದ ಕಥೆ ಹೇಳಿದೆ. “ಎಲ್ಲಿ, ತಾ” ಅಂದವಳೇ ನಾನು ಲೋಟ ಇಡುವುದರೊಳಗೆ ಫೋನು ಕಸಿದು, ತಾಳಿ ಸರದಲ್ಲಿ ತೂಗುತ್ತಿದ್ದ ಪಿನ್ನು ಬಿಚ್ಚಿ, ಕಿವಿಯ ಗುಗ್ಗೆ ತೆಗೆಯುವ ಹಾಗೆ ಬುಡದ ತೂತನ್ನು ಕೆರೆದಳು. ನನ್ನ ಜೀವವೇ ಹೋದಂತಾಯಿತು. ಹಳದಿ ಪುಡಿ ಉದುರಿತು. ಉಫ್ ಅಂತ ಊದಿ, “ಈಗ ಪೇಸು” ಅಂದಳು. ಪುಷ್ಪಾಳಿಗೆ ಕರೆ ಮಾಡಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

“ಕೇಳಿಸ್ತಿದ್ಯಾ?”

“ಚೆನ್ನಾಗಿ ಕೇಳಿಸ್ತಿದೆ. ಒಪ್ಪಿಗೆ ಆಯ್ತಾ?” ಅಂದಳು. ಸರ್ವೀಸ್ ಸೆಂಟರಿನಿಂದ ಹಿಡಿದು ಅಕ್ಕನ ಪಿನ್ನಿನ ತನಕ ಆಗಿದ್ದೆಲ್ಲ ಕೇಳಿ ಅವಳಿಗೂ ಖುಷಿ. ಅದೇ ಖುಷಿಯಲ್ಲಿ ಸೇರಿಸಿದಳು, “ಇಲ್ಲಿ ಮೂಲೆ ಮಗ್ಗ ನಿಂತುಹೋಗಿತ್ತು. ಕೋಲಿನ ಬೋಲ್ಟು ಸಡಿಲ. ನಾನೇ ಸ್ಪ್ಯಾನರ್ ತಗೊಂಡು ಬಿಗಿ ಮಾಡಿದೆ. ಈಗ ಸೊಗಸಾಗಿ ಓಡ್ತಿದೆ.”

ಹಿಂದಿನಿಂದ ಮಗ್ಗದ ಸದ್ದು ಕೇಳುತ್ತಿತ್ತು. ನಿಜವಾಗಿಯೂ ಸೊಗಸಾಗಿತ್ತು. ನನಗೆ ತಡೆಯಲಾಗಲಿಲ್ಲ. “ಯಾರನ್ನ ಕೇಳಿ ಮುಟ್ಟಿದೆ?” ಅಂತ ಶೆಡ್ಡಿನ ಗಂಟಲಿನಲ್ಲೇ ಕೂಗಿದೆ. “ನಾಳೆ ಏನಾದ್ರೂ ಆದ್ರೆ ನಾನು ಜವಾಬ್ದಾರನಲ್ಲ.”

ಆ ಕಡೆಯಿಂದ ಪುಷ್ಪಾ ತಣ್ಣಗೆ, “ಮುಂದಿನ ಸಲ ಟೋಕನ್ ಕೊಟ್ಟು ಹೋಗಿ. ಕಾಯ್ತೀನಿ. ಹಾಗೇ ಒಂದು ಎ.ಸಿ.ನೂ ಹಾಕಿಸಿಬಿಡಿ” ಅಂದಳು.

ಬಾವ ಕೊಬ್ಬರಿ ತಿರುವುತ್ತಾ ಭುಜ ಕುಣಿಸಿ ನಗುತ್ತಿದ್ದರು, ಕವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಕ್ಕ ಮಾತ್ರ ನೆಲದ ಮೇಲೆ ಉದುರಿದ್ದ ಹಳದಿ ಪುಡಿಯನ್ನು ನೋಡುತ್ತಾ ಪಿನ್ನನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡಳು. “ತಪ್ಪು ಮಾಡ್ಬಿಟ್ಟೆ ತಂಬಿ,” ಅಂದಳು. “ಆ ಗಂಧ ಅಲ್ಲೇ ಇರ್ಲಿ ಅಂತ ಬಿಡ್ಬೇಕಾಗಿತ್ತು.”