ಊಹೆಯ ಮೇಲೆ ತಂದಿಟ್ಟ ಕಾಫಿ

ಪಾಠ ಹೇಳಿ ಬೋರ್ಡು ಒರೆಸಿದರೆ ಮುಗಿಯಿತು ಎನ್ನುವ ಮೇಷ್ಟ್ರುಗಳು ಪುಣ್ಯವಂತರು. ನಾನು ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನನ್ನ ಪಾಠ ಮಾತ್ರ ತರಗತಿಯಿಂದ ಹೊರಬಂದು ನನ್ನ ಕಾಲನ್ನೇ ಎಳೆಯುತ್ತಿರುತ್ತದೆ. ಅದರಲ್ಲೂ ಈ ಒಂದು ಪಾಠ: ಪ್ರೋಗ್ರಾಂ ಓಡುತ್ತಿರುವಾಗಲೇ, ಎದುರಿಗೆ ಬರುವ ಆಬ್ಜೆಕ್ಟ್ ಎಂಬ ಮಾಹಿತಿಯ ಕಟ್ಟು ಯಾವ ಬಗೆಯದೆಂದು ಊಹಿಸಿ, ಅದಕ್ಕೆ ಹೊಂದುವ ವೇಗದ ಕೋಡನ್ನು ಯಂತ್ರ ಅಲ್ಲೇ ಬರೆದಿಟ್ಟುಕೊಳ್ಳುತ್ತದೆ. ಊಹೆ ತಪ್ಪಿದರೆ ನಿಧಾನದ ಹಳೇ ದಾರಿ.

ಕೊಬ್ಬರಿ ಅಟ್ಟ

ನಮ್ಮ ಕಡೆಯ ಮಕ್ಕಳಿಗೆ ತಿಳಿಯಲೆಂದು ಕೊಬ್ಬರಿಯ ಉದಾಹರಣೆ ಕೊಟ್ಟೆ. "ಅಟ್ಟದಲ್ಲಿ ಒಣಗೋಕೆ ಹಾಕಿರೋ ಒಂದೊಂದೇ ಕಾಯಿ ಅಲ್ಲಾಡಿಸಿ, ನೀರು ಬತ್ತಿದೆಯಾ ಅಂತ ನೋಡ್ತಾ ಕೂತರೆ ಸಂಜೆ ಆಗೋಗುತ್ತೆ. ಮೊದಲ ಕೆಲವು ಬತ್ತಿದ್ರೆ, ಉಳಿದವೂ ಹಂಗೇ ಅಂತ ಒಡೆಯೋದು."

ಪರೀಕ್ಷೆಯಲ್ಲಿ ದಬ್ಬೇಘಟ್ಟದ ಹುಡುಗಿಯೊಬ್ಬಳು ಇದನ್ನೆಲ್ಲ ಚಾಚೂ ತಪ್ಪದೆ ಬರೆದು, ಕೊನೆಗೆ ಸೇರಿಸಿದ್ದಳು: "ಊಹೆ ತಪ್ಪಿ ನೀರು ಚೆಲ್ಲಿದರೆ ಕೂಡಲೇ ಕಂಪ್ಯೂಟರನ್ನು ಒರೆಸತಕ್ಕದ್ದು."

ಪೇಪರ್ ತಿದ್ದುವಾಗ ನಮ್ಮ ವಿಭಾಗದ ಮೇಡಂ ಎದುರಿಗೇ ಕೂತಿದ್ದರು. ಓದಿ ಹೇಳಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನ್ನನ್ನು ಮದುವೆಯಾಗ್ತೀರಾ ಎಂದು ಅವರನ್ನು ಕೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ಅವತ್ತು ಬಾಯಿಯನ್ನೂ ತೆರೆದೆ.

"ಇದಕ್ಕೆ ಎಷ್ಟು ಮಾರ್ಕ್ಸ್ ಕೊಡೋಣ ಮೇಡಂ?" ಎಂದು ಬಂತು.

ಎದುರಿನ ಕುರ್ಚಿ

ಕ್ಯಾಂಟೀನಿನವನು ನಮ್ಮನ್ನು ಕೇಳುತ್ತಲೇ ಇರಲಿಲ್ಲ. ನನಗೊಂದು ಕಾಫಿ, ಎದುರು ಕೂರುವ ಮೇಡಂಗೆ ಸಕ್ಕರೆ ಇಲ್ಲದ್ದೊಂದು. ಅವರಿಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾದ ಮೇಲೂ ಎರಡೇ ತಂದಿಟ್ಟ.

"ಮೇಡಂ ಇಲ್ಲ ಕಣಪ್ಪ."

"ಕೈಗೆ ಅಭ್ಯಾಸ ಆಗೋಗದೆ ಸಾ. ಕುಡ್ದುಬುಡಿ."

ಕುಡಿದೆ. ಆ ಕಹಿ ಕಾಫಿಯನ್ನು ದಿನವೂ ಕುಡಿದೆ. ಎದುರಿನ ಕುರ್ಚಿ ಖಾಲಿಯೇ ಇತ್ತು. ಬೇಡವೆಂದರೆ ಆ ಲೋಟವೂ ಬರುವುದಿಲ್ಲವಲ್ಲ.

ಒಂದು ದಿನ ಪ್ರಿನ್ಸಿಪಾಲರು ಬಂದು ಅದೇ ಕುರ್ಚಿಯಲ್ಲಿ ಕೂತರು. ಸಕ್ಕರೆ ಇಲ್ಲದ ಕಾಫಿ ಅವರ ಮುಂದೆ ಬಂತು. ಒಂದು ಗುಟುಕು ಕುಡಿದವರೇ ಸುತ್ತಮುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಂಗೆ ಶುಗರ್ ಇರೋದು ನಿಮಗ್ಯಾರ್ರೀ ಹೇಳಿದ್ದು?"

ಚಿಕ್ಕನಾಯಕನಹಳ್ಳಿ ಬಸ್ಸು

ಕೊನೆಗೆ ತಡೆಯಲಾರದೆ ಒಂದು ಶನಿವಾರ ಬಸ್ಸು ಹತ್ತಿದೆ. ಅವರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಸಿಲಬಸ್ ಬಗ್ಗೆ ಮಾತಾಡೋಣ ಅಂತ ಬಂದೆ ಎಂದೆ.

"ಅದಕ್ಕೆ ಫೋನ್ ಸಾಕಿತ್ತಲ್ಲ ಸಾರ್?"

ನಾನು ಬ್ಯಾಗಿನಲ್ಲಿ ಸಿಲಬಸ್ ಹುಡುಕತೊಡಗಿದೆ. ಅವರೇ ಹೇಳಿದರು: "ನೀವು ಕೇಳ್ತೀರ ಅಂತ ಊಹೆ ಮಾಡಿ, ತಿಪಟೂರಲ್ಲಿದ್ದಾಗ್ಲೇ ಉತ್ತರ ರೆಡಿ ಇಟ್ಕೊಂಡಿದ್ದೆ. ನೀವು ಕಾಫಿ ಕುಡಿದು ಎದ್ದೋಗ್ತಿದ್ರಿ."

"ಈಗ?"

"ಬಹಳ ದಿನ ಯಾರೂ ಕರೀದಿರೋ ಕೋಡನ್ನ ಯಂತ್ರ ಏನ್ಮಾಡುತ್ತೆ? ನೀವೇ ಪಾಠ ಮಾಡ್ತೀರಲ್ಲ."

"ಜಾಗ ದಂಡ ಅಂತ ಎಸೆಯುತ್ತೆ ಮೇಡಂ."

"ಆಮೇಲೆ ಕರೆದ್ರೆ?"

"ಮೊದಲಿಂದ ಶುರು ಮಾಡ್ಬೇಕು ಮೇಡಂ. ನಿಧಾನವಾಗಿ."

"ಹಂಗಾದ್ರೆ ಮೊದಲಿಂದ್ಲೇ ಶುರು ಮಾಡಿ. ಮೊದ್ಲು ಆ 'ಮೇಡಂ' ಅನ್ನೋದು ಬುಡಿ."

"ಆಯ್ತು ಮೇಡಂ" ಎಂದೆ.